ಡೈಥಯೋಕಾರ್ಬಮೇಟುಗಳು: ಲೋಹ ಹಿಡಿಯುವ ರಾಸಾಯನಿಕಗಳ ಗುಣ, ಬಳಕೆ, ಎಚ್ಚರಿಕೆ

ಡೈಥಯೋಕಾರ್ಬಮೇಟ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ, ಒಂದು ಕುಟುಂಬದ ಹೆಸರು. ಅಮೀನ್ ಗುಂಪಿನ ಸಂಯುಕ್ತವೊಂದನ್ನು ಕಾಸ್ಟಿಕ್ ಸೋಡಾದಂಥ ಕ್ಷಾರದ ಸಮ್ಮುಖದಲ್ಲಿ ಕಾರ್ಬನ್ ಡೈಸಲ್ಫೈಡ್ ಜೊತೆ ಸೇರಿಸಿದರೆ ಈ ಕುಟುಂಬದ ಲವಣ ಸಿದ್ಧವಾಗುತ್ತದೆ. ಅದರ ಅಣುವಿನ ಒಂದು ತುದಿಯಲ್ಲಿ ಎರಡು ಗಂಧಕದ ಪರಮಾಣುಗಳು ಅಕ್ಕಪಕ್ಕ ಕುಳಿತಿರುತ್ತವೆ. ತಾಮ್ರ, ಸತು, ಮ್ಯಾಂಗನೀಸ್, ನಿಕ್ಕಲ್, ಸೀಸ, ಪಾದರಸ ಮುಂತಾದ ಲೋಹದ ಅಯಾನು ಸಿಕ್ಕಿದರೆ ಆ ಎರಡೂ ಗಂಧಕಗಳು ಇಕ್ಕಳದಂತೆ ಎರಡು ಕಡೆಯಿಂದ ಅದನ್ನು ಹಿಡಿಯುತ್ತವೆ. ರಸಾಯನಶಾಸ್ತ್ರ ಇದನ್ನು ಕೀಲೇಟ್ ಬಂಧ ಎನ್ನುತ್ತದೆ. ಇದು ಪ್ರಯೋಗಶಾಲೆಗೆ ಮಾತ್ರ ಸೇರಿದ ವಿಷಯವೆಂದು ತೋರಬಹುದು. ಆದರೆ ರಾಯಚೂರು, ಮಾನ್ವಿ, ದೇವದುರ್ಗದ ಗೊಬ್ಬರ–ಔಷಧದ ಅಂಗಡಿಗಳಲ್ಲಿ 'ಎಂ-45' ಎಂದು ಕೇಳಿದರೆ ಸಿಗುವ ಹಳದಿ ಪುಡಿ ಮ್ಯಾಂಕೋಜೆಬ್ ಇದೇ ಕುಟುಂಬದ್ದು. ಬಿತ್ತನೆ ಬೀಜಕ್ಕೆ ಲೇಪಿಸುವ ಥೈರಮ್ ಇದೇ ಕುಟುಂಬದ್ದು. ಜೈನೆಬ್, ಜೈರಮ್, ಪ್ರೊಪಿನೆಬ್, ಮೆಟಿರಮ್ ಕೂಡ ಇದರ ಬಂಧುಗಳೇ. ವಿಜಯದಾಸರ ಹುಟ್ಟೂರಾದ ಚೀಕಲಪರ್ವಿಯಂಥ ತುಂಗಭದ್ರೆಯ ದಂಡೆಯ ಊರುಗಳಿಂದ ಕೃಷ್ಣೆಯ ಮಗ್ಗುಲಿನ ದೇವದುರ್ಗದವರೆಗಿನ ಎಡೆದೊರೆ ನಾಡಿನಲ್ಲಿ ಭತ್ತ, ಮೆಣಸಿನಕಾಯಿ, ಹತ್ತಿ ಬೆಳೆಯುವವರಿಗೆ ಈ ರಾಸಾಯನಿಕ ಹೊಸದಲ್ಲ. ಆದರೆ ಅದನ್ನು ಅಳೆಯುವ ನಮ್ಮ ರೀತಿ ಸರಿಯಿಲ್ಲ. ಡೈಥಯೋಕಾರ್ಬಮೇಟಿನ ಅಪಾಯ ಚೀಲದೊಳಗಿನ ಪುಡಿಯಲ್ಲಿರುವುದಕ್ಕಿಂತ, ಆ ಪುಡಿ ಮುಂದೆ ಏನಾಗಿ ಬದಲಾಗುತ್ತದೆ, ತಾನು ಹಿಡಿದ ಲೋಹವನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದರಲ್ಲಿದೆ. ಈ ಲೇಖನ ವಾದಿಸುವುದು ಇದನ್ನೇ.

ಮೊದಲು ಗುಣಗಳನ್ನು ನೋಡೋಣ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಾರ್ಸೆಲ್ ದೆಲೆಪಿನ್ 20ನೇ ಶತಮಾನದ ಆರಂಭದಲ್ಲೇ ಈ ಲವಣಗಳನ್ನು ಕ್ರಮವಾಗಿ ಅಭ್ಯಾಸ ಮಾಡಿದ್ದ. ಸೋಡಿಯಂ ಡೈಇಥೈಲ್ ಡೈಥಯೋಕಾರ್ಬಮೇಟ್ ತಾಮ್ರವನ್ನು ಪತ್ತೆಹಚ್ಚುವ ಕಾರಕವಾಗಿ ಬಹುಕಾಲ ಹೆಸರಾಗಿತ್ತು. ಈ ಲವಣದ ಬಣ್ಣವಿಲ್ಲದ ದ್ರಾವಣಕ್ಕೆ ಮೈಲುತುತ್ತದ ತಿಳಿನೀರಿನ ಒಂದು ಹನಿ ಬಿಟ್ಟರೆ ಕ್ಷಣದಲ್ಲಿ ಹಳದಿ ಮಿಶ್ರಿತ ಕಂದು ಬಣ್ಣ ಏಳುತ್ತದೆ. ತಾಮ್ರ ಹೆಚ್ಚಿದ್ದರೆ ಕಂದು ಚರಟವೇ ಕೆಳಗಿಳಿಯುತ್ತದೆ. ಒಂದು ಲೀಟರ್ ನೀರಿನಲ್ಲಿ ಒಂದು ಮಿಲಿಗ್ರಾಂಗಿಂತ ಕಡಿಮೆ ತಾಮ್ರವಿದ್ದರೂ ಈ ಬಣ್ಣದಿಂದ ಅಳೆಯಬಹುದು. ಹಾಗೆ ಹುಟ್ಟಿದ ತಾಮ್ರದ ಸಂಕೀರ್ಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆ ಮತ್ತು ಕ್ಲೋರೋಫಾರಂನಂಥ ದ್ರವಗಳಲ್ಲಿ ಸಲೀಸಾಗಿ ಕರಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಮಿದುಳಿನ ಪ್ರಸ್ತಾಪ ಬಂದಾಗ ಬೇಕಾಗುತ್ತದೆ. ಎರಡನೆಯ ಗುಣ ಇದಕ್ಕೆ ವಿರುದ್ಧವಾದದ್ದು. ಲೋಹವನ್ನು ಇಷ್ಟು ಗಟ್ಟಿಯಾಗಿ ಹಿಡಿಯುವ ಅಣು ತಾನು ಮಾತ್ರ ಗಟ್ಟಿಯಲ್ಲ. ಆಮ್ಲ ಸೋಕಿದರೆ ಅದು ಒಡೆದು, ತಾನು ಹುಟ್ಟಿಬಂದ ಎರಡು ವಸ್ತುಗಳಾಗಿ, ಅಂದರೆ ಅಮೀನ್ ಮತ್ತು ಕಾರ್ಬನ್ ಡೈಸಲ್ಫೈಡ್ ಆಗಿ, ಬೇರೆಯಾಗುತ್ತದೆ. ಕಾರ್ಬನ್ ಡೈಸಲ್ಫೈಡ್ 46 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ದ್ರವ. ಅದರ ಆವಿ ಗಾಳಿಗಿಂತ ಎರಡೂವರೆ ಪಟ್ಟು ಭಾರ, ಸೊನ್ನೆಗಿಂತ 30 ಡಿಗ್ರಿ ಕೆಳಗೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಸುಮಾರು 100 ಡಿಗ್ರಿ ಬಿಸಿಯ ಹಬೆಕೊಳವೆ ಸೋಕಿದರೆ ಕಿಡಿಯೂ ಬೇಕಾಗಿಲ್ಲ. ಬಹುಕಾಲ ಉಸಿರಾಡಿದವರ ನರಗಳನ್ನೂ ಹೃದಯವನ್ನೂ ಅದು ಕೆಡಿಸುತ್ತದೆಂಬುದು ವಿಸ್ಕೋಸ್ ನಾರಿನ ಕಾರ್ಖಾನೆಗಳ ಕಾರ್ಮಿಕರಿಂದ ಜಗತ್ತಿಗೆ ತಿಳಿದ ಸತ್ಯ. (ಆ ಉದ್ಯಮ ತುಂಗಭದ್ರೆಗೆ ಅಪರಿಚಿತವಲ್ಲ, ನದಿಯ ಮೇಲ್ಭಾಗದಲ್ಲಿ ಹರಿಹರದ ಬಳಿಯೂ ಇದೆ.) ಹಿಡಿಯುವ ಶಕ್ತಿ, ಒಡೆಯುವ ಸ್ವಭಾವ ಎರಡೂ ಒಂದೇ ಅಣುವಿನ ಒಂದೇ ತುದಿಯಲ್ಲಿವೆ. ಒಂದನ್ನು ಬಳಸಿಕೊಂಡು ಇನ್ನೊಂದನ್ನು ಬಿಟ್ಟುಬಿಡುವ ದಾರಿ ಯಾರಿಗೂ ಸಿಕ್ಕಿಲ್ಲ.

ಈ ರಾಸಾಯನಿಕಗಳು ಹೊಲಕ್ಕೆ ಬಂದದ್ದು ರಬ್ಬರ್ ಕಾರ್ಖಾನೆಯ ಮೂಲಕ. ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ಕೆಲಸವನ್ನು ಬೇಗ ಮುಗಿಸಲು ಸತುವಿನ ಡೈಥಯೋಕಾರ್ಬಮೇಟನ್ನೂ ಥೈರಮ್ಮನ್ನೂ ಬಳಸುತ್ತಿದ್ದರು, ಈಗಲೂ ಬಳಸುತ್ತಾರೆ. ಇವು ಶಿಲೀಂಧ್ರಗಳನ್ನು ಕೊಲ್ಲಬಲ್ಲವೆಂದು 1934ರಲ್ಲಿ ಅಮೆರಿಕದಲ್ಲಿ ಟಿಸ್‌ಡೇಲ್ ಮತ್ತು ವಿಲಿಯಮ್ಸ್ ಪೇಟೆಂಟ್ ಪಡೆದರು. 1940ರ ದಶಕದಲ್ಲಿ ನೀರಿನಲ್ಲಿ ಕರಗುವ ನಾಬಮ್ ಬಂತು. ಅದು ಎಲೆಯ ಮೇಲೆ ನಿಲ್ಲುತ್ತಿರಲಿಲ್ಲ. ಸತುವಿನ ಸಲ್ಫೇಟ್ ಬೆರೆಸಿದಾಗ ನಿಂತಿತು, ಏಕೆಂದರೆ ಟ್ಯಾಂಕಿನಲ್ಲೇ ಅದು ಕರಗದ ಜೈನೆಬ್ ಆಗುತ್ತಿತ್ತು. ಮುಂದೆ ಮ್ಯಾಂಗನೀಸ್ ಇರುವ ಮಾನೆಬ್, 1960ರ ದಶಕದ ಆರಂಭದಲ್ಲಿ ಮ್ಯಾಂಗನೀಸ್ ಮತ್ತು ಸತು ಎರಡೂ ಇರುವ ಮ್ಯಾಂಕೋಜೆಬ್ ಮಾರುಕಟ್ಟೆಗೆ ಬಂದವು. ಮ್ಯಾಂಕೋಜೆಬ್‌ನಲ್ಲಿ ಶೇ. 20ರಷ್ಟು ಮ್ಯಾಂಗನೀಸ್, ಶೇ. 2.5ರಷ್ಟು ಸತು ಇರುತ್ತದೆ. ಎಲೆಯ ಮೇಲೆ ತೇವ ತಾಗಿದಾಗ ಈ ಸಂಕೀರ್ಣ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ಹಾಗೆ ಹೊರಬಂದ ತುಣುಕುಗಳು ಶಿಲೀಂಧ್ರದ ಕೋಶದಲ್ಲಿರುವ ಗಂಧಕಯುಕ್ತ ಕಿಣ್ವಗಳನ್ನು ಒಟ್ಟಿಗೆ ಅನೇಕ ಕಡೆ ಕಟ್ಟಿಹಾಕುತ್ತವೆ. ಹಲವು ಕಡೆ ಹೊಡೆತ ಬೀಳುವುದರಿಂದ ಶಿಲೀಂಧ್ರಕ್ಕೆ ತಪ್ಪಿಸಿಕೊಳ್ಳುವ ದಾರಿ ಹುಡುಕುವುದು ಕಷ್ಟ. ಮೆಣಸಿನಕಾಯಿಯ ಚಿಬ್ಬು ರೋಗ, ಕಾಯಿಕೊಳೆ, ಭತ್ತದ ಬೆಂಕಿ ರೋಗ, ಟೊಮೆಟೊ ಅಂಗಮಾರಿ, ದಾಳಿಂಬೆಯ ಎಲೆಚುಕ್ಕೆ ಹೀಗೆ ಹತ್ತಾರು ರೋಗಗಳಿಗೆ ಒಂದೇ ಪುಡಿ ಸಾಕೆನಿಸುವುದು ಇದರಿಂದ. ಬೂದಿರೋಗಕ್ಕೆ ಮಾತ್ರ ಇದು ಹೆಚ್ಚು ಪ್ರಯೋಜನವಿಲ್ಲ, ಅಲ್ಲಿ ಬರಿಯ ಗಂಧಕದ ಪುಡಿಯೇ ವಾಸಿ. ಈ ಪುಡಿಯನ್ನು ಎಲೆ ಹೀರಿಕೊಳ್ಳುವುದಿಲ್ಲ, ಅದು ಮೇಲೆಯೇ ಕೂತಿರುತ್ತದೆ. ರೋಗ ಬಂದ ಮೇಲೆ ಹೊಡೆದರೆ ವ್ಯರ್ಥ, ಬರುವ ಮುನ್ನ ಹೊಡೆದರೆ ಕಾವಲು.

ಈ ಪುಡಿಯ ಪೊಟ್ಟಣದ ಮೇಲೆ ಇರುವ ತ್ರಿಕೋನ ಹಸಿರು. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು, ಹಳದಿ, ನೀಲಿ, ಹಸಿರು ಎಂಬ ನಾಲ್ಕು ಬಣ್ಣಗಳಿವೆ. ಇಲಿಗೆ ಬಾಯಿಯ ಮೂಲಕ ಕೊಟ್ಟಾಗ ಅರ್ಧದಷ್ಟು ಇಲಿಗಳನ್ನು ಕೊಲ್ಲುವ ಪ್ರಮಾಣ ದೇಹದ ಪ್ರತಿ ಕಿಲೋಗೆ 5,000 ಮಿಲಿಗ್ರಾಂ ಮೀರಿದರೆ ಹಸಿರು. ಮ್ಯಾಂಕೋಜೆಬ್ ಆ ಮಿತಿಯನ್ನು ಮೀರುತ್ತದೆ, ಆದ್ದರಿಂದ ಹಸಿರು ಬಣ್ಣ ತಪ್ಪಲ್ಲ. ಆದರೆ ಆ ಬಣ್ಣ ಉತ್ತರಿಸುವುದು ಒಂದೇ ಪ್ರಶ್ನೆಗೆ: ಇದನ್ನು ಒಮ್ಮೆ ನುಂಗಿದರೆ ಸಾಯುತ್ತಾರೆಯೇ ಎಂಬುದಕ್ಕೆ. ಈ ಪುಡಿ ಬಿಸಿಗೆ, ನೀರಿಗೆ, ದೇಹದೊಳಗಿನ ಕ್ರಿಯೆಗೆ ಸಿಕ್ಕಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಮ್ಯಾಂಕೋಜೆಬ್, ಮಾನೆಬ್, ಜೈನೆಬ್, ಮೆಟಿರಮ್‌ಗಳು ಒಡೆದಾಗ ಹುಟ್ಟುವ ತುಣುಕುಗಳಲ್ಲಿ ಇಥಿಲೀನ್ ಥಯೋಯೂರಿಯಾ ಎಂಬುದೊಂದು. ಅದು ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ತಯಾರಿಕೆಗೆ ಅಡ್ಡಬರುತ್ತದೆ, ಪ್ರಾಣಿಗಳಲ್ಲಿ ಗರ್ಭದ ಮರಿಗಳಿಗೆ ಅಂಗವೈಕಲ್ಯ ತರುತ್ತದೆ, ಗಡ್ಡೆಗಳನ್ನೂ ಬೆಳೆಸುತ್ತದೆ. ಕೀಟನಾಶಕ ಶೇಷಗಳ ಕುರಿತ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ಪರಿಣತರ ಸಭೆ 1993ರಲ್ಲಿ ನಿಗದಿ ಮಾಡಿದ ದಿನದ ಸೇವನೆಯ ಮಿತಿಗಳನ್ನೇ ನೋಡಬಹುದು. ಮೂಲ ಶಿಲೀಂಧ್ರನಾಶಕಗಳಿಗೆ ದೇಹತೂಕದ ಕಿಲೋಗೆ 0.03 ಮಿಲಿಗ್ರಾಂ, ಅದರ ಒಡಕಲು ಇಥಿಲೀನ್ ಥಯೋಯೂರಿಯಾಗೆ 0.004 ಮಿಲಿಗ್ರಾಂ. ಮಗುವೇ ತಾಯಿಗಿಂತ ಏಳು ಪಟ್ಟು ಹೆಚ್ಚು ಅಪಾಯಕಾರಿ ಎಂದು ಒಪ್ಪಿಕೊಂಡಂತಾಯಿತು. ಇನ್ನೊಂದು ವ್ಯತ್ಯಾಸ ನೀರಿನಲ್ಲಿ ಕಾಣುತ್ತದೆ. ಮ್ಯಾಂಕೋಜೆಬ್ ಒಂದು ಲೀಟರ್ ನೀರಿನಲ್ಲಿ ಕೆಲವೇ ಮಿಲಿಗ್ರಾಂ ಕರಗಿದರೆ, ಇಥಿಲೀನ್ ಥಯೋಯೂರಿಯಾ ಸುಮಾರು 20 ಗ್ರಾಂ ಕರಗುತ್ತದೆ. ಎಲೆಯ ಮೇಲೆ ನಿಂತಿದ್ದ ವಸ್ತು ಒಡೆದ ಮೇಲೆ ನೀರಿನ ಜೊತೆ ನಡೆಯತೊಡಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತು. ಅರವತ್ತು ವರ್ಷಗಳಿಂದ ಹೊಡೆಯುತ್ತಿದ್ದೇವೆ, ಮೋನೊಕ್ರೋಟೋಫಾಸ್ ಹೊಡೆದವರು ಹೊಲದಲ್ಲೇ ಬಿದ್ದ ಹಾಗೆ ಎಂ-45 ಹೊಡೆದವರು ಬಿದ್ದದ್ದುಂಟೇ? ಬಿದ್ದಿಲ್ಲ, ನಿಜ. ಆದರೆ ಥೈರಾಯ್ಡ್ ಸದ್ದಿಲ್ಲದೆ ಕೆಡುವ ಅಂಗ, ಅದರ ಕೇಡು ಹೊಲದ ಬದುವಿನಲ್ಲಿ ಕಾಣುವಂಥದ್ದಲ್ಲ. ಮೆಕ್ಸಿಕೋದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಇದೇ ಗುಂಪಿನ ಔಷಧ ಹೊಡೆಯುವವರನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್ ಇತರರಿಗಿಂತ ಏರಿತ್ತು. ಏರಿಕೆ ದೊಡ್ಡದಲ್ಲ, ಆದರೆ ಗ್ರಂಥಿ ಒತ್ತಡದಲ್ಲಿದೆ ಎಂಬ ಸೂಚನೆ ಅದು. ಕೋಸ್ಟರಿಕಾದ ಬಾಳೆ ತೋಟಗಳಿಗೆ ವಿಮಾನದಿಂದ ಮ್ಯಾಂಕೋಜೆಬ್ ಹೊಡೆಯುವ ಪ್ರದೇಶದಲ್ಲಿ ಗರ್ಭಿಣಿಯರ ಮೂತ್ರ ಪರೀಕ್ಷಿಸಿದಾಗ, ತೋಟಕ್ಕೆ ಹತ್ತಿರ ವಾಸಿಸುವವರಲ್ಲಿ ಇಥಿಲೀನ್ ಥಯೋಯೂರಿಯಾ ಹೆಚ್ಚಾಗಿ ಸಿಕ್ಕಿತು. ಅವರಲ್ಲಿ ಹೆಚ್ಚಿನವರು ಪಂಪು ಮುಟ್ಟಿದವರೇ ಅಲ್ಲ. ನಮ್ಮ ಭಾಗದಲ್ಲಿ ಮೆಣಸಿನಕಾಯಿ ಬಿಡಿಸುವವರು, ಹತ್ತಿ ಕೀಳುವವರು, ಭತ್ತದ ಸಸಿ ಹಚ್ಚುವವರು ಬಹುಪಾಲು ಹೆಣ್ಣುಮಕ್ಕಳು. ಔಷಧ ಹೊಡೆದವನಿಗಷ್ಟೇ ಎಚ್ಚರಿಕೆ ಹೇಳಿ, ಮರುದಿನ ಅದೇ ಗಿಡಗಳ ನಡುವೆ ಕೈಯಾಡಿಸುವ ಇವರನ್ನು ಮರೆತರೆ ಆ ಎಚ್ಚರಿಕೆ ಅರ್ಧವೂ ಅಲ್ಲ.

ಥೈರಮ್‌ನ ಕತೆ ಬೇರೆ ದಾರಿಯಲ್ಲಿ ಇದೇ ಮಾತನ್ನು ಹೇಳುತ್ತದೆ. 1937ರಲ್ಲಿ ಅಮೆರಿಕದ ರಬ್ಬರ್ ಕಾರ್ಖಾನೆಯೊಂದರ ವೈದ್ಯ, ಥೈರಮ್ ಮುಟ್ಟುವ ಕಾರ್ಮಿಕರಿಗೆ ಒಂದು ಗುಟುಕು ಮದ್ಯವೂ ದಕ್ಕುವುದಿಲ್ಲ ಎಂದು ಬರೆದ. ಮುಖ ಕೆಂಪಾಗುವುದು, ಎದೆ ಹೊಡೆದುಕೊಳ್ಳುವುದು, ವಾಂತಿ. ಹತ್ತು ವರ್ಷದ ಬಳಿಕ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಥೈರಮ್‌ನ ತಮ್ಮನಂತಿರುವ ಡೈಸಲ್ಫಿರಾಮ್ ಎಂಬ ವಸ್ತುವನ್ನು ಹೊಟ್ಟೆಹುಳದ ಮದ್ದಾದೀತೆಂದು ತಾವೇ ಸೇವಿಸಿ ನೋಡುವಾಗ ಅದೇ ಅನುಭವಕ್ಕೆ ಒಳಗಾದರು. 1948ರಲ್ಲಿ ಅದು ಕುಡಿತ ಬಿಡಿಸುವ ಔಷಧವಾಗಿ ವೈದ್ಯಲೋಕಕ್ಕೆ ಪರಿಚಯವಾಯಿತು, ಇಂದಿಗೂ ಬಳಕೆಯಲ್ಲಿದೆ. ದೇಹದೊಳಗೆ ಅದು ಡೈಇಥೈಲ್ ಡೈಥಯೋಕಾರ್ಬಮೇಟಾಗಿ ಒಡೆಯುತ್ತದೆ, ಮದ್ಯ ಜೀರ್ಣವಾಗುವ ದಾರಿಯಲ್ಲಿರುವ ಕಿಣ್ವವನ್ನು ತಡೆಯುತ್ತದೆ, ವಿಷಕಾರಿ ಅಸೆಟಾಲ್ಡಿಹೈಡ್ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಬಿತ್ತನೆಯ ಹೊತ್ತಿನಲ್ಲಿ ಬೀಜೋಪಚಾರ ಮಾಡಿ ದಣಿದು ಸಂಜೆ ಸೇಂದಿ ಕುಡಿಯುವವನಿಗೆ ಈ ಸಂಗತಿ ಕಿಣ್ವದ ಹೆಸರಿಗಿಂತ ಮುಖ್ಯ. ಥೈರಮ್ ಮುಟ್ಟಿದ ದಿನವೂ ಮುಂದಿನ ಹಲವು ದಿನಗಳೂ ಮದ್ಯ ಕೂಡದು. ಇದನ್ನು ನೈತಿಕ ಉಪದೇಶವೆಂದು ಹೇಳಿದರೆ ಯಾರೂ ಕೇಳುವುದಿಲ್ಲ, ರಾಸಾಯನಿಕ ಕ್ರಿಯೆಯೆಂದು ಹೇಳಿದರೆ ಕೆಲವರಾದರೂ ಕೇಳಿಯಾರು. ಉಪಚರಿಸಿದ ಬೀಜ ಉಳಿದಾಗಲೂ ತಪ್ಪು ನಡೆಯುತ್ತದೆ. ಹತ್ತಿ ಬೀಜದ ಪೊಟ್ಟಣ ಒಡೆದರೆ ಒಳಗೆ ಬಣ್ಣ ಬಳಿದ ಬೀಜ ಕಾಣುತ್ತದೆ, ಆ ಬಣ್ಣ ಅಂದಕ್ಕಲ್ಲ, ಔಷಧ ಲೇಪಿಸಿದ ಗುರುತು. ಮನೆಯಲ್ಲಿ ಉಪಚರಿಸಿದ ಜೋಳ, ಮೆಕ್ಕೆಜೋಳದ ಬೀಜದಲ್ಲಿ ಆ ಗುರುತೂ ಇರುವುದಿಲ್ಲ. ಮಿಕ್ಕದ್ದನ್ನು ಅಂಗಳದ ಕೋಳಿಗೆ ಚೆಲ್ಲಿದರೆ ಅದು ತೊಗಲುಮೊಟ್ಟೆ ಇಡತೊಡಗುತ್ತದೆ, ಮರಿಗಳ ಕಾಲಿನ ಮೂಳೆ ಸೊಟ್ಟಗಾಗುತ್ತದೆ. ಥೈರಮ್ ಉಪಚರಿಸಿದ ಮೆಕ್ಕೆಜೋಳ ತಿಂದ ಕೋಳಿಗಳಲ್ಲಿ ಇದು ಬಹಳ ಹಿಂದೆಯೇ ಕಂಡುಬಂದಿತ್ತು.

ಲೋಹದ ವಿಷವೇರಿದವರಿಗೆ ಇದೇ ರಾಸಾಯನಿಕವನ್ನು ಮದ್ದಾಗಿ ಕೊಟ್ಟದ್ದೂ ಉಂಟು. ನಿಕ್ಕಲ್ ಶುದ್ಧೀಕರಿಸುವ ಕಡೆ ಹೊಮ್ಮುವ ನಿಕ್ಕಲ್ ಕಾರ್ಬೊನಿಲ್ ಎಂಬ ಮಾರಕ ಅನಿಲಕ್ಕೆ ಸಿಕ್ಕಿದವರಿಗೆ ಡೈಇಥೈಲ್ ಡೈಥಯೋಕಾರ್ಬಮೇಟ್ ಕೊಟ್ಟು ಉಳಿಸಿದ ವೈದ್ಯಕೀಯ ದಾಖಲೆಗಳಿವೆ, ಸಂಡರ್‌ಮನ್ ಎಂಬ ಅಮೆರಿಕದ ವೈದ್ಯರ ಕೆಲಸ ಅದು. ಹಾಗಾದರೆ ಕ್ಯಾಡ್ಮಿಯಂ ವಿಷಕ್ಕೂ ಆದೀತೆಂದು ಪ್ರಾಣಿಗಳ ಮೇಲೆ ಪ್ರಯೋಗ ನಡೆದವು. ಸಾವು ಕಡಿಮೆಯಾಯಿತು, ಆದರೆ ಮಿದುಳಿನಲ್ಲಿ ಕ್ಯಾಡ್ಮಿಯಂ ಹೆಚ್ಚಾಗಿತ್ತು. ಕಾರಣ ಮೊದಲೇ ಹೇಳಿದ್ದು: ಈ ಸಂಕೀರ್ಣಕ್ಕೆ ನೀರಿಗಿಂತ ಕೊಬ್ಬು ಇಷ್ಟ, ಮಿದುಳಿನ ರಕ್ಷಣೆಯ ಪೊರೆಯೂ ಕೊಬ್ಬಿನದೇ. ಹಿಡಿದ ಲೋಹ ಇಲ್ಲವಾಗಲಿಲ್ಲ, ಜಾಗ ಬದಲಿಸಿತು. ಕ್ಯಾಡ್ಮಿಯಂಗೆ ಈ ಚಿಕಿತ್ಸೆ ಆಸ್ಪತ್ರೆಗೆ ಬಾರದೇ ಹೋದದ್ದು ಇದರಿಂದ. ಆರ್ಸೆನಿಕ್ ಬೆರೆತ ಅಂತರ್ಜಲದಿಂದ ಚರ್ಮರೋಗ ಕಂಡ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಂಥ ಊರುಗಳು ನೆರೆಯಲ್ಲೇ ಇರುವಾಗ, 'ಲೋಹ ಹೊರಹಾಕುವ ಮದ್ದು' ಎಂಬ ಜಾಹೀರಾತುಗಳಿಗೆ ಮರುಳಾಗುವ ಮೊದಲು ಈ ಪ್ರಯೋಗವನ್ನು ನೆನೆಯಬೇಕು. ಅಲ್ಲಿ ಬೇಕಾದದ್ದು ಬೇರೆ ನೀರು.

ಕಾರ್ಖಾನೆಯ ಹೊಲಸು ನೀರಿನಿಂದ ಲೋಹ ತೆಗೆಯುವುದು ಈ ಕುಟುಂಬದ ಮೂರನೆಯ ದೊಡ್ಡ ಬಳಕೆ. ಸಾಮಾನ್ಯವಾಗಿ ಸುಣ್ಣ ಹಾಕಿದರೆ ತಾಮ್ರ, ನಿಕ್ಕಲ್, ಸತು ಹೈಡ್ರಾಕ್ಸೈಡಾಗಿ ಕೆಳಗಿಳಿಯುತ್ತವೆ. ಆದರೆ ಸರ್ಕ್ಯೂಟ್ ಬೋರ್ಡ್ ಮತ್ತು ಲೋಹಲೇಪನದ ನೀರಿನಲ್ಲಿ ಅಮೋನಿಯ, ಇಡಿಟಿಎ ಮುಂತಾದವು ಆ ಲೋಹಗಳನ್ನು ಮೊದಲೇ ಹಿಡಿದುಕೊಂಡಿರುತ್ತವೆ, ಸುಣ್ಣಕ್ಕೆ ಅವು ಬಗ್ಗುವುದಿಲ್ಲ. ಅಲ್ಲಿ ಸೋಡಿಯಂ ಡೈಮಿಥೈಲ್ ಡೈಥಯೋಕಾರ್ಬಮೇಟ್ ದ್ರಾವಣ ಸುರಿದರೆ ಲೋಹ ಅದರ ಪಾಲಾಗಿ ಚರಟವಾಗುತ್ತದೆ. ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿನಲ್ಲಿ ಲೀಟರಿಗೆ ತಾಮ್ರ 3, ನಿಕ್ಕಲ್ 3, ಸೀಸ 0.1, ಪಾದರಸ 0.01 ಮಿಲಿಗ್ರಾಂ ಮೀರಬಾರದೆಂದು ನಮ್ಮ ಪರಿಸರ ನಿಯಮ ಹೇಳುತ್ತದೆ. ಆ ಮಿತಿ ಮುಟ್ಟಲು ಇದು ಸುಲಭದ ದಾರಿ. ಬೆಂಗಳೂರಿನ ಪೀಣ್ಯದ ಲೋಹಲೇಪನ ಘಟಕಗಳ ಕುಖ್ಯಾತ ಕ್ರೋಮಿಯಂಗೆ ಮಾತ್ರ ಇದು ನೇರವಾಗಿ ಒದಗುವುದಿಲ್ಲ, ಆರು ವೇಲೆನ್ಸಿಯ ಕ್ರೋಮಿಯಂ ಋಣ ಅಯಾನಾಗಿರುವುದರಿಂದ ಮೊದಲು ಅದನ್ನು ಮೂರಕ್ಕೆ ಇಳಿಸಬೇಕು. ಲೆಕ್ಕವೂ ಸರಳ: ಒಂದು ತಾಮ್ರಕ್ಕೆ ಎರಡು ಅಣು. ಅಂದರೆ ಒಂದು ಗ್ರಾಂ ತಾಮ್ರಕ್ಕೆ ನಾಲ್ಕೂವರೆ ಗ್ರಾಂ ಶುದ್ಧ ಲವಣ, ಮಾರಾಟದ ಶೇ. 40ರ ದ್ರಾವಣವಾದರೆ ಸುಮಾರು 11 ಗ್ರಾಂ. ಆದರೆ ನೀರಿನಲ್ಲಿ ಎಷ್ಟು ಲೋಹವಿದೆಯೆಂದು ಅಳೆಯದೆ, ಪರೀಕ್ಷೆ ಪಾಸಾದರೆ ಸಾಕೆಂದು ಒಂದಿಷ್ಟು ಹೆಚ್ಚೇ ಸುರಿಯುವುದು ಎಲ್ಲ ದೇಶದ ಕೆಲಸಗಾರರ ಅಭ್ಯಾಸ.

ಆ ಅಭ್ಯಾಸ ಎಲ್ಲಿಗೆ ಮುಟ್ಟಬಹುದೆಂದು 1999ರ ಡಿಸೆಂಬರ್‌ನಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ ನೋಡಿತು. ಆ್ಯಂಡರ್ಸನ್ ಎಂಬ ಊರಿನ ವಾಹನ ದೀಪಗಳ ಕಾರ್ಖಾನೆ ಲೋಹ ಇಳಿಸಲೆಂದು ಡೈಮಿಥೈಲ್ ಡೈಥಯೋಕಾರ್ಬಮೇಟ್ ದ್ರಾವಣವನ್ನು ಮಿತಿಮೀರಿ ಬಳಸಿ ನೀರನ್ನು ಊರಿನ ಚರಂಡಿಗೆ ಬಿಟ್ಟಿತು. ಶುದ್ಧೀಕರಣ ಘಟಕದಲ್ಲಿ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಮೊದಲು ಸತ್ತವು. ಶುದ್ಧವಾಗದ ನೀರು, ಜೊತೆಗೆ ಈ ರಾಸಾಯನಿಕ ಮತ್ತು ಅದರ ಒಡಕಲುಗಳು ವೈಟ್ ನದಿಗೆ ಇಳಿದವು. ಸುಮಾರು 80 ಕಿಲೋಮೀಟರ್ ಉದ್ದಕ್ಕೆ, ಅಂದಾಜು 46 ಲಕ್ಷ ಮೀನು ಸತ್ತು ತೇಲಿದವು. ನದಿಯನ್ನು ಕೊಂದದ್ದು ಕಾರ್ಖಾನೆಯ ಲೋಹವಲ್ಲ, ಲೋಹ ತೆಗೆಯಲು ತಂದ ಮದ್ದು. ರಾಯಚೂರಿನಲ್ಲಿ ಚಿಕ್ಕಸುಗೂರಿನ ಕೈಗಾರಿಕಾ ಪ್ರದೇಶವಿದೆ, ಕೃಷ್ಣೆಯ ದಂಡೆಯಲ್ಲಿ 1,720 ಮೆಗಾವ್ಯಾಟ್‌ನ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಕಲ್ಲಿದ್ದಲಿನ ಹೊಗೆಯನ್ನು ನೀರಿನಿಂದ ತೊಳೆಯುವ ಘಟಕಗಳು ಜಗತ್ತಿನ ಎಲ್ಲಿದ್ದರೂ ಆ ನೀರಿನ ಪಾದರಸಕ್ಕೆ ಡೈಥಯೋಕಾರ್ಬಮೇಟಿನ ಪಾಲಿಮರುಗಳನ್ನು ಸೂಚಿಸುವುದುಂಟು. ಬೇಸಿಗೆಯಲ್ಲಿ ಎರಡೂ ನದಿಗಳು ಬಂಡೆಗಳ ನಡುವೆ ಮಡುವುಗಳಾಗಿ ನಿಲ್ಲುವ ಈ ಸೀಮೆಯಲ್ಲಿ ಹೆಚ್ಚಾದ ಮದ್ದನ್ನು ತಿಳಿಯಾಗಿಸಲು ಹರಿಯುವ ನೀರೇ ಇರುವುದಿಲ್ಲ. ಆದ್ದರಿಂದ ಇಂಥ ಯಾವ ಘಟಕವಾದರೂ ಹೊರಬಿಡುವ ನೀರಿನಲ್ಲಿ ಲೋಹ ಉಳಿದಿದೆಯೇ ಎಂದು ನೋಡಿದರೆ ಸಾಲದು, ಮದ್ದು ಉಳಿದಿದೆಯೇ ಎಂದೂ ನೋಡಬೇಕು. ಅದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಸೋಸಿದ ನೀರಿಗೆ ಮೈಲುತುತ್ತದ ಹನಿ ಬಿಟ್ಟಾಗ ಕಂದು ಬಣ್ಣ ಎದ್ದರೆ ಮದ್ದು ಹೆಚ್ಚಾಗಿದೆ.

ಎರಡನೆಯ ಆಕ್ಷೇಪ ಬೇಸಾಯದ ಕಡೆಯಿಂದ ಬರುತ್ತದೆ, ಅದಕ್ಕೆ ತೂಕವಿದೆ. ಮ್ಯಾಂಕೋಜೆಬ್ ಅಗ್ಗ. ಹೊಸ ಶಿಲೀಂಧ್ರನಾಶಕಗಳು ಒಂದೇ ಕಡೆ ಹೊಡೆಯುವುದರಿಂದ ಕೆಲವೇ ಹಂಗಾಮಿನಲ್ಲಿ ರೋಗ ಅವಕ್ಕೆ ಒಗ್ಗಿಬಿಡುತ್ತದೆ. ಕಾರ್ಬೆಂಡಜಿಮ್, ಮೆಟಲಾಕ್ಸಿಲ್‌ಗಳನ್ನು ಮ್ಯಾಂಕೋಜೆಬ್ ಜೊತೆ ಬೆರೆಸಿಯೇ ಮಾರುವುದು ಆ ಒಗ್ಗುವಿಕೆಯನ್ನು ತಡೆಯಲು. ಇದನ್ನು ತೆಗೆದರೆ ಮೆಣಸಿನಕಾಯಿ ಬೆಳೆಗಾರ ಹೆಚ್ಚು ಬೆಲೆಯ, ಹೆಚ್ಚು ವಿಷದ ಬೇರೊಂದಕ್ಕೆ ಹೋಗುತ್ತಾನೆ. ಕೇಂದ್ರ ಸರ್ಕಾರದ ನಡೆಯಲ್ಲೂ ಈ ಇಕ್ಕಟ್ಟು ಕಾಣುತ್ತದೆ. 2020ರ ಮೇ ತಿಂಗಳ ಕರಡು ಆದೇಶ ಒಟ್ಟು 27 ಕೀಟನಾಶಕಗಳ ನಿಷೇಧ ಸೂಚಿಸಿತ್ತು. ಮ್ಯಾಂಕೋಜೆಬ್, ಥೈರಮ್, ಜೈನೆಬ್, ಜೈರಮ್ ನಾಲ್ಕೂ ಆ ಪಟ್ಟಿಯಲ್ಲಿದ್ದವು. 2023ರ ಹೊತ್ತಿಗೆ ಪಟ್ಟಿ ಬಹಳ ಕರಗಿತು, ಮ್ಯಾಂಕೋಜೆಬ್ ಉಳಿದುಕೊಂಡಿತು, ಪೇರಲ, ಜೋಳ, ಮರಗೆಣಸಿನ ಮೇಲಿನ ಬಳಕೆಗಷ್ಟೇ ಕತ್ತರಿ ಬಿತ್ತು. ಐರೋಪ್ಯ ಒಕ್ಕೂಟವಾದರೋ 2020ರ ಡಿಸೆಂಬರ್‌ನಲ್ಲಿ ಅದರ ಅನುಮತಿಯನ್ನು ನವೀಕರಿಸದೆ ಬಿಟ್ಟಿತು, ಸಂತಾನಶಕ್ತಿಗೆ ಹಾನಿ ಮತ್ತು ಹಾರ್ಮೋನುಗಳಿಗೆ ಅಡ್ಡಿ ಎಂಬ ಕಾರಣ ಕೊಟ್ಟಿತು. ನನ್ನ ತೀರ್ಪು ಎರಡರ ನಡುವೆ ನಿಲ್ಲುತ್ತದೆ. ರೋಗ ಒಗ್ಗದಂತೆ ಕಾಯುವ ವಸ್ತುವೊಂದನ್ನು ಏಕಾಏಕಿ ಕಿತ್ತುಹಾಕುವುದು ಬುದ್ಧಿವಂತಿಕೆಯಲ್ಲ. ಆದರೆ ಅಗ್ಗವೆಂಬ ಕಾರಣಕ್ಕೆ ವಾರವಾರ ಹೊಡೆಯುವುದು ಆ ವಾದದ ನೆಲೆಯನ್ನೇ ಕೆಡಿಸುತ್ತದೆ. ಮೋಡ, ಜಿಟಿಜಿಟಿ ಮಳೆ, ಎಲೆಯ ಮೇಲೆ ಬಹುಹೊತ್ತು ನಿಲ್ಲುವ ತೇವ ಇವು ಸೇರಿದಾಗ ಹೊಡೆದರೆ ಮಾತ್ರ ಇದು ಕಾವಲು. ಬಿರುಬಿಸಿಲಿನ ಒಣಹವೆಯಲ್ಲಿ ಹೊಡೆದದ್ದು ಬರಿಯ ಧೂಳು. ಇದರಲ್ಲಿರುವ ಸತು, ಮ್ಯಾಂಗನೀಸ್ ಬೆಳೆಗೆ ಪೋಷಕಾಂಶ ತಾನೇ ಎಂದು ಕೆಲವು ವ್ಯಾಪಾರಿಗಳು ಹೇಳುವುದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ. ಸತು ಬೇಕಾದವರು ಸತುವಿನ ಸಲ್ಫೇಟ್ ಹಾಕಬಹುದು.

ಎಚ್ಚರಿಕೆಯ ಕ್ರಮಗಳು ಈ ವಾದದಿಂದಲೇ ಹುಟ್ಟುತ್ತವೆ. ಒಡೆಯುವುದು ಆಮ್ಲಕ್ಕೆ, ತೇವಕ್ಕೆ, ಬಿಸಿಗೆ ಎಂದಾದರೆ ಕಾಪಾಡಬೇಕಾದದ್ದೂ ಈ ಮೂರರಿಂದ. ಮಾನೆಬ್‌ನಂಥವು ತೇವ ಸೇರಿದರೆ ತಾವಾಗಿಯೇ ಕಾದು ಹೊತ್ತಿಕೊಳ್ಳಬಲ್ಲವೆಂದು ಅಂತಾರಾಷ್ಟ್ರೀಯ ಸಾಗಣೆ ನಿಯಮಗಳು ಅವನ್ನು ಸ್ವಯಂ ದಹನದ ವರ್ಗಕ್ಕೆ ಸೇರಿಸಿವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ತಗಡಿನ ಶೆಡ್ಡಿನೊಳಗೆ, ಬಾಯಿ ಬಿಚ್ಚಿದ ಚೀಲವನ್ನು ಗೊಬ್ಬರದ ಮೂಟೆಗಳ ಮೇಲೆ ಒಟ್ಟಿಡುವುದು ಪುಡಿಯ ಗುಣವನ್ನೂ ಕಳೆಯುತ್ತದೆ, ಬೆಂಕಿಗೂ ಆಹ್ವಾನ ಕೊಡುತ್ತದೆ. ಉರಿದರೆ ಬರುವುದು ಮಾಮೂಲಿ ಹೊಗೆಯಲ್ಲ, ಕಾರ್ಬನ್ ಡೈಸಲ್ಫೈಡ್, ಗಂಧಕದ ಆಕ್ಸೈಡುಗಳು. ಕಾರ್ಖಾನೆಯಲ್ಲಿ ದ್ರಾವಣ ಚೆಲ್ಲಿದರೆ ಮರಳಿನಿಂದ ಹೀರಿಸಿ ತೆಗೆಯಬೇಕು. ಕ್ಷಾರ ಚೆಲ್ಲಿದೆಯಲ್ಲ, ಆಮ್ಲ ಹಾಕಿ ತಟಸ್ಥ ಮಾಡೋಣ ಎಂಬ ಶಾಲಾ ಪಾಠದ ನೆನಪು ಇಲ್ಲಿ ಜೀವಕ್ಕೆ ಎರವಾಗುತ್ತದೆ. ಆಮ್ಲ ತಾಗಿ ಹೊಮ್ಮಿ, ಮುಚ್ಚಿದ ಕೋಣೆಯಲ್ಲಿ ನೆಲಮಟ್ಟದಲ್ಲಿ ಹಬ್ಬುವ ಕಾರ್ಬನ್ ಡೈಸಲ್ಫೈಡಿನ ಆವಿ ಮೋಟಾರಿನ ಸ್ವಿಚ್ಚಿನ ಕಿಡಿಗೂ ಹೊತ್ತಿಕೊಳ್ಳುತ್ತದೆ. ಸಿಂಪಡಣೆಯ ನೀರಿಗೆ ಹಲವು ಔಷಧ ಬೆರೆಸುವ ರೂಢಿಯಲ್ಲೂ ಲೋಹದ ನಿಯಮ ದುಡಿಯುತ್ತದೆ. ತಾಮ್ರಕ್ಕೆ ಈ ಗಂಧಕದ ಹಿಡಿತ ಮ್ಯಾಂಗನೀಸ್, ಸತುಗಳಿಗಿಂತ ಬಲವಾದದ್ದು. ಮ್ಯಾಂಕೋಜೆಬ್ ಇರುವ ಟ್ಯಾಂಕಿಗೆ ತಾಮ್ರದ ಔಷಧ ಸುರಿದರೆ ಲೋಹಗಳು ಅದಲುಬದಲಾಗಿ, ಹೊಡೆಯುವುದು ಪೊಟ್ಟಣದ ಮೇಲೆ ಬರೆದ ವಸ್ತುವನ್ನಲ್ಲ. ಟೊಮೆಟೊದ ದುಂಡಾಣು ಚುಕ್ಕೆ ರೋಗಕ್ಕೆ ಇದನ್ನೇ ಬೇಕೆಂದು ಮಾಡುತ್ತಾರೆ. ಆದರೆ ಅದು ಪ್ರಯೋಗ ನಡೆಸಿ ಕಂಡುಕೊಂಡ ಪ್ರಮಾಣದ ಮಿಶ್ರಣ, ಅಂಗಡಿಯವನ ಅಂದಾಜಿನದಲ್ಲ.

ಮೈ ಮುಚ್ಚುವ ದಿರಿಸಿನ ಬಗ್ಗೆ ಬರುವ ಆಕ್ಷೇಪ ಮೂರನೆಯದು. ಈ ಸೆಕೆಯಲ್ಲಿ ಕೈಗವಸು, ಮುಖಗವಸು, ಏಪ್ರನ್ ಹಾಕಿಕೊಂಡು ಔಷಧ ಹೊಡೆಯುವುದು ಸಾಧ್ಯವೇ ಎಂದು ಕೇಳುವ ರೈತನ ಮಾತು ಸುಳ್ಳಲ್ಲ. ಅದಕ್ಕೆ ಉತ್ತರ ಎಲ್ಲವನ್ನೂ ಕೈಬಿಡುವುದಲ್ಲ, ಎಲ್ಲಿ ಹೆಚ್ಚು ತಾಗುತ್ತದೋ ಅಲ್ಲಿ ಬಿಗಿ ಮಾಡುವುದು. ಪುಡಿಯ ಔಷಧದಲ್ಲಿ ದೇಹಕ್ಕೆ ಹೆಚ್ಚು ಸೇರುವ ಹೊತ್ತು ಬೆರೆಸುವ ಹೊತ್ತು. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ 16 ಲೀಟರಿನ ಪಂಪಿಗೆ 32 ಗ್ರಾಂ ಪುಡಿಯನ್ನು ಚೀಲದಿಂದ ಮುಷ್ಟಿಯಲ್ಲಿ ತೆಗೆದು ನೇರ ಟ್ಯಾಂಕಿಗೆ ಉದುರಿಸಿ, ಕಡ್ಡಿಯಿಲ್ಲದೆ ತೋಳಿನಿಂದಲೇ ತಿರುವುವ ಆ ಎರಡು ನಿಮಿಷ. ಎದ್ದ ಹಳದಿ ಧೂಳು ಹುಬ್ಬಿನ ಮೇಲೆ, ಮೂಗಿನ ಹೊಳ್ಳೆಯ ಅಂಚಿನಲ್ಲಿ ಕೂತಿರುವುದನ್ನು ಯಾವ ಹೊಲದಲ್ಲೂ ಕಾಣಬಹುದು. ಆ ಹೊತ್ತಿಗೆ ಮಾತ್ರವಾದರೂ ಕೈಗವಸು, ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ ಗಂಜಿ ಮಾಡಿ ಸುರಿಯಲಿ. ಧೂಳೇಳದ ಹರಳಿನ ರೂಪದ ಮ್ಯಾಂಕೋಜೆಬ್ ಸಿಗುವ ಕಡೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೊಳ್ಳುವುದು ಮೇಲು. ಹೊಡೆಯುವಾಗ ತುಂಬುತೋಳಿನ ಹತ್ತಿ ಅಂಗಿ, ಗಾಳಿಗೆ ಬೆನ್ನು, ಬಿಸಿಲೇರುವ ಮುನ್ನ ಕೆಲಸ. ಆ ಅಂಗಿಯನ್ನು ಮನೆಯ ಬಟ್ಟೆಯ ಜೊತೆ ನೆನೆಸಬಾರದು, ಒಗೆಯುವವರು ಸಾಮಾನ್ಯವಾಗಿ ಬೇರೆಯವರೇ ಆಗಿರುತ್ತಾರೆ. ರಬ್ಬರ್ ಕೈಗವಸಿನಲ್ಲೇ ಡೈಥಯೋಕಾರ್ಬಮೇಟ್ ಇರುವುದರಿಂದ ಅದನ್ನು ಹಾಕಿದ ಕೆಲವರಿಗೆ ಕೈ ಕಜ್ಜಿಯೇಳುವುದೂ ಉಂಟು. ಅಂಥವರು ಆ ವೇಗವರ್ಧಕಗಳಿಲ್ಲದ ಕೈಗವಸು ಹುಡುಕಬೇಕು. ಕಣ್ಣಿಗೆ ಬಿದ್ದರೆ ಕಾಲು ಗಂಟೆ ತಿಳಿನೀರಿನಲ್ಲಿ ತೊಳೆಯಬೇಕು. ಜೈರಮ್ ಆದರೆ ಕಣ್ಣಿಗೆ ತೀವ್ರ ಗಾಯ ಮಾಡುವಂಥದ್ದು, ತಡ ಮಾಡುವಂತಿಲ್ಲ. ಹೊಟ್ಟೆಗೆ ಹೋಗಿ ಆಸ್ಪತ್ರೆಗೆ ಒಯ್ದರೆ ಖಾಲಿ ಪೊಟ್ಟಣವನ್ನು ಕಡ್ಡಾಯವಾಗಿ ಜೊತೆಗೆ ತೆಗೆದುಕೊಂಡು ಹೋಗಬೇಕು. ಹೆಸರಿನಲ್ಲಿ ಹೋಲುವ ಕಾರ್ಬಮೇಟ್ ಗುಂಪಿನ ಕಾರ್ಬೊಫ್ಯುರಾನ್‌ನಂಥ ಕೀಟನಾಶಕದ ವಿಷಕ್ಕೆ ಅಟ್ರೋಪಿನ್ ಜೀವರಕ್ಷಕ, ಈ ಕುಟುಂಬಕ್ಕೆ ಅದರಿಂದ ಪ್ರಯೋಜನವಿಲ್ಲ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ, ಲಕ್ಷಣ ನೋಡಿ ಚಿಕಿತ್ಸೆ.

ಬೆಳೆಯಲ್ಲಿ ಉಳಿಯುವ ಶೇಷವನ್ನು ಅಳೆಯುವ ವಿಧಾನದಲ್ಲೂ ಇದೇ ಒಡೆಯುವ ಗುಣ ಬಳಕೆಯಾಗುತ್ತದೆ, ಕೈಕೊಡುವುದೂ ಅಲ್ಲೇ. ಪ್ರಯೋಗಶಾಲೆಯಲ್ಲಿ ಕಾಯಿಯನ್ನು ಅರೆದು, ತವರದ ಕ್ಲೋರೈಡ್ ಬೆರೆತ ಬಿಸಿ ಆಮ್ಲದಲ್ಲಿ ಒಡೆಸಿ, ಹೊರಟ ಕಾರ್ಬನ್ ಡೈಸಲ್ಫೈಡನ್ನು ಅಳೆಯುತ್ತಾರೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿಯೂ ಕಾರ್ಬನ್ ಡೈಸಲ್ಫೈಡ್ ಲೆಕ್ಕದಲ್ಲೇ ಇದೆ. ಇದರಿಂದ ಹೊಡೆದದ್ದು ಮ್ಯಾಂಕೋಜೆಬ್ಬೋ ಥೈರಮ್ಮೋ ತಿಳಿಯುವುದಿಲ್ಲ, ಎರಡರ ಅಪಾಯ ಒಂದೇ ಅಲ್ಲದಿದ್ದರೂ. ಈರುಳ್ಳಿ, ಬೆಳ್ಳುಳ್ಳಿ, ಕೋಸು ತಮ್ಮೊಳಗಿನ ಗಂಧಕದಿಂದಲೇ ಅದೇ ಆವಿ ಬಿಡುವುದರಿಂದ ಔಷಧ ಕಾಣದ ಈರುಳ್ಳಿಯೂ ತಪ್ಪಿತಸ್ಥನಂತೆ ಕಾಣಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಆಗಲೇ ಒಡೆದು ಇಥಿಲೀನ್ ಥಯೋಯೂರಿಯಾ ಆಗಿಹೋದ ಪಾಲು ಈ ಪರೀಕ್ಷೆಗೆ ಸಿಗುವುದೇ ಇಲ್ಲ. ಶೇಷ ಕಡಿಮೆ ಎಂಬ ವರದಿ ಕೆಲವೊಮ್ಮೆ ವಿಷ ಕಡಿಮೆಯಾಯಿತೆಂದಲ್ಲ, ರೂಪ ಬದಲಿಸಿತೆಂದು ಹೇಳುತ್ತಿರಬಹುದು. ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷ ಮತ್ತು ಆಹಾರ ಗುಣಮಟ್ಟದ ವಿಶ್ಲೇಷಣಾ ಪ್ರಯೋಗಾಲಯವಿದೆ. ಮೆಣಸಿನಕಾಯಿಯ ಈ ಸೀಮೆಗೆ ಅಲ್ಲಿ ಒಡಕಲನ್ನೂ ಬೇರೆಯಾಗಿ ಅಳೆಯುವ ಕ್ರಮ ರೂಢಿಗೆ ಬರುವುದು ಅಗತ್ಯ. ಏಕೆಂದರೆ ಮೆಣಸಿನಕಾಯಿ ಇತರ ತರಕಾರಿಯಂತಲ್ಲ. ಮ್ಯಾಂಕೋಜೆಬ್ ಮೇಲ್ಮೈಯಲ್ಲೇ ಕೂತಿರುವುದರಿಂದ ಟೊಮೆಟೊ, ಬದನೆಯನ್ನು ಚೆನ್ನಾಗಿ ತೊಳೆದರೆ ಬಹುಪಾಲು ಹೋಗುತ್ತದೆ. ತೊಳೆಯದೆ ಕುದಿಸಿದರೆ ಮಾತ್ರ ಬಿಸಿಗೆ ಒಡೆದು ಸಾರಿನಲ್ಲೇ ಉಳಿಯುತ್ತದೆ. ಕಣದಲ್ಲಿ ಒಣಗಿದ ಕೆಂಪು ಮೆಣಸಿನಕಾಯಿಯನ್ನು ಯಾರೂ ತೊಳೆಯುವುದಿಲ್ಲ, ಹಸಿಯಿಂದ ಒಣಗುವಾಗ ನೀರು ಹೋಗಿ ಉಳಿದದ್ದೆಲ್ಲ ಹಲವು ಪಟ್ಟು ದಟ್ಟವಾಗುತ್ತದೆ, ಆಮೇಲೆ ಅದು ಒಗ್ಗರಣೆಯ ಬಿಸಿಎಣ್ಣೆಗೆ ಬೀಳುತ್ತದೆ. ಆದ್ದರಿಂದ ಕೊಯ್ಲಿಗೆ ಮುಂಚಿನ ಕಾಯುವ ಅವಧಿ ಬೇರೆ ಬೆಳೆಯಲ್ಲಿ ನಿಯಮವಾದರೆ, ಇಲ್ಲಿ ಏಕೈಕ ರಕ್ಷಣೆ.

ಕೊನೆಗೆ ಉಳಿಯುವುದು ಖಾಲಿ ಚೀಲ ಮತ್ತು ಚರಟ. ದ್ರವದ ಡಬ್ಬಿಯಾದರೆ ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಮಾಡಬೇಕು. ಕಾಲುವೆಯಲ್ಲಿ ತೊಳೆದರೆ ಅದು ಸೇರುವುದು ತುಂಗಭದ್ರಾ ಎಡದಂಡೆಯ ಕೊನೆಯಂಚಿನ ಊರುಗಳಿಗೆ, ಮೊದಲೇ ನೀರು ಸಾಲದೆ ಕಾಯುವ ಊರುಗಳಿಗೆ. ಕಾರ್ಖಾನೆಯ ಚರಟವನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಪರವಾನಗಿ ಇರುವ ವಿಲೇವಾರಿ ತಾಣಕ್ಕೆ ಕಳಿಸಬೇಕು. ಬೆಂಗಳೂರಿನ ಬಳಿ ದಾಬಸ್‌ಪೇಟೆಯಲ್ಲಿ ಅಂಥದ್ದಿದೆ, ರಾಯಚೂರಿನಿಂದ ಅಲ್ಲಿಗೆ ಲಾರಿ ಬಾಡಿಗೆಯೇ ದೊಡ್ಡದು. ಹಾಗೆಂದು ಊರ ಹೊರಗಿನ ಗುಂಡಿಗೆ ಸುರಿದರೆ, ಆಮ್ಲೀಯ ಕಸದ ರಸ ತಾಗಿದಂದು ಗಂಧಕದ ಹಿಡಿತ ಬಿಚ್ಚಿಕೊಳ್ಳುತ್ತದೆ, ಅಷ್ಟು ಖರ್ಚು ಮಾಡಿ ನೀರಿನಿಂದ ತೆಗೆದ ತಾಮ್ರ, ನಿಕ್ಕಲ್, ಸೀಸ ಮತ್ತೆ ನೀರಿಗೇ ಇಳಿಯುತ್ತವೆ.